ನೆಟ್‌ವರ್ಕ್ ಮೂಲಕ ಓಎಸ್ ಇನ್‌ಸ್ಟಾಲ್: ಯಾವ ಸರ್ವರ್ ಯಾರಿಗೆ ಸರಿ?

ಒಂದೆರಡು ಕಂಪ್ಯೂಟರಿಗೆ ಓಎಸ್ ಹಾಕಬೇಕಿದ್ದರೆ ಪೆನ್ ಡ್ರೈವ್ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ಮೆಷಿನ್‌ಗೋಸ್ಕರ ಎರಡು ದಿನ ಕೂತು ಸರ್ವರ್ ಕಟ್ಟಿದವರನ್ನು ನೋಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಲೆಕ್ಕ ಹತ್ತು ದಾಟಿತು ಅಂದರೆ ಕಥೆ ಬೇರೆ. ಅಥವಾ ಇರುವ ನಾಲ್ಕೇ ಟೆಸ್ಟ್ ಮೆಷಿನ್‌ಗಳನ್ನು ವಾರವಾರ ಅಳಿಸಿ ಹೊಸದಾಗಿ ಹಾಕಬೇಕಾಗಿ ಬಂದರೂ ಅಷ್ಟೆ. ಆಗ ನೆಟ್‌ವರ್ಕ್ ಮೂಲಕವೇ ಇನ್‌ಸ್ಟಾಲ್ ಮಾಡಿಸುವ ಸರ್ವರ್ ಬೇಕು. ಹುಡುಕಲು ಹೋದರೆ ಸಾಲು ಸಾಲು ಹೆಸರು ಎದುರಾಗುತ್ತವೆ: ಡಿಎನ್‌ಎಸ್‌ಮಾಸ್ಕ್, ಐಪಿಎಕ್ಸ್‌ಇ, ಕಾಬ್ಲರ್, ಫೋರ್‌ಮನ್, ಮಾಸ್, ಫಾಗ್, ಡಬ್ಲ್ಯುಡಿಎಸ್. ಎಲ್ಲವೂ ಒಂದೇ ಕೆಲಸ ಮಾಡುವ ಹಾಗೆ ಕಾಣುತ್ತವೆ. ನಿಜದಲ್ಲಿ ಇವುಗಳಲ್ಲಿ ಕೆಲವು ಬಿಡಿಭಾಗ, ಕೆಲವು ಪೂರ್ತಿ ಗಾಡಿ. ಚಕ್ರವನ್ನು ಗಾಡಿಯ ಪಕ್ಕ ಇಟ್ಟು ಯಾವುದು ಒಳ್ಳೆಯದು ಅಂತ ಕೇಳಿದರೆ ತಲೆ ಕೆಡುತ್ತದೆ ಅಷ್ಟೆ.

ಹಾಗಾಗಿ ಸಾಫ್ಟ್‌ವೇರಿನ ಹೆಸರು ಆಮೇಲೆ. ಮೊದಲು ಕೇಳಿಕೊಳ್ಳಬೇಕಾದ್ದು ಬೇರೆಯೇ ಇದೆ: ನಿಮ್ಮ ನೆಟ್‌ವರ್ಕಿನಲ್ಲಿ ಡಿಎಚ್‌ಸಿಪಿ, ಅಂದರೆ ಮೆಷಿನ್‌ಗಳಿಗೆ ಐಪಿ ವಿಳಾಸ ಹಂಚುವ ಕೆಲಸ, ಯಾರ ಕೈಯಲ್ಲಿದೆ?

ನಡೆಯುವುದಿಷ್ಟು

ಕಂಪ್ಯೂಟರ್ ಆನ್ ಆದ ಕೂಡಲೇ ಅದರ ಫರ್ಮ್‌ವೇರ್‌ನಲ್ಲಿರುವ (ಬೋರ್ಡಿನಲ್ಲೇ ಕೂತಿರುವ ಸಾಫ್ಟ್‌ವೇರ್) ಪುಟ್ಟ ಪ್ರೋಗ್ರಾಂ ನೆಟ್‌ವರ್ಕಿಗೆಲ್ಲ ಕೇಳುವ ಹಾಗೆ ಕೂಗು ಹಾಕುತ್ತದೆ: ನನಗೊಂದು ಐಪಿ ವಿಳಾಸ ಕೊಡಿ, ಬೂಟ್ ಫೈಲ್ ಎಲ್ಲಿದೆ ಹೇಳಿ. ಈ ಪದ್ಧತಿಯ ಹೆಸರು ಪಿಎಕ್ಸ್‌ಇ. ಇಂಟೆಲ್ ಇದರ 2.1ನೇ ಆವೃತ್ತಿಯನ್ನು 1999ರಲ್ಲಿ ಹೊರತಂದಿತು. ಇವತ್ತಿಗೂ ಬುನಾದಿ ಅದೇ.

ಆ ಕೂಗಿಗೆ ಡಿಎಚ್‌ಸಿಪಿ ಸರ್ವರ್ ಉತ್ತರ ಕೊಡುತ್ತದೆ. ಮೆಷಿನ್ ಹೋಗಿ ಬೂಟ್‌ಲೋಡರ್, ಅಂದರೆ ಓಎಸ್ ಎಬ್ಬಿಸುವ ಪುಟ್ಟ ಪ್ರೋಗ್ರಾಂ, ತರುತ್ತದೆ. ಬೂಟ್‌ಲೋಡರ್ ಕರ್ನಲ್ಲನ್ನೂ (ಓಎಸ್‌ನ ತಿರುಳು) ಇನಿಟ್‌ಆರ್‌ಡಿಯನ್ನೂ (ಶುರುವಿಗೆ ಬೇಕಾದ ಫೈಲುಗಳ ಕಟ್ಟು) ತರುತ್ತದೆ. ಅಲ್ಲಿಂದ ಇನ್‌ಸ್ಟಾಲರ್ ಶುರು. ಭಾಷೆ ಯಾವುದು, ಡಿಸ್ಕ್ ಹೇಗೆ ಹಂಚಬೇಕು, ಪಾಸ್‌ವರ್ಡ್ ಏನು ಅನ್ನುವ ಪ್ರಶ್ನೆಗಳಿಗೆ ನೀವು ಮೊದಲೇ ಬರೆದಿಟ್ಟ ಉತ್ತರದ ಫೈಲ್ ಇದ್ದರೆ ಅದನ್ನು ಓದಿಕೊಂಡು ತಾನಾಗಿಯೇ ಮುಗಿಸುತ್ತದೆ.

ಅಂದರೆ ಭಾಗಗಳು ಐದು. ಡಿಎಚ್‌ಸಿಪಿ, ಫೈಲ್ ಕೊಡುವ ಸರ್ವರ್, ಬೂಟ್‌ಲೋಡರ್, ಇನ್‌ಸ್ಟಾಲ್ ಸಾಮಗ್ರಿ, ಉತ್ತರದ ಫೈಲ್. ಒಂದೊಂದಕ್ಕೂ ಬೇರೆ ಬೇರೆ ಆಯ್ಕೆಗಳಿವೆ.

ಡಿಎಚ್‌ಸಿಪಿ ಯಾರದ್ದು?

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಒಂದು ಕಡೆ ಕೆಲಸ ಮಾಡುತ್ತಿದ್ದಾಗ, ಲ್ಯಾಪ್‌ಟಾಪಿನಲ್ಲಿ ಡಿಎನ್‌ಎಸ್‌ಮಾಸ್ಕ್ ಹಾಕಿ ಸುಮ್ನೆ ನೋಡೋಣ ಅಂತ ಆಫೀಸಿನ ನೆಟ್‌ವರ್ಕಿಗೇ ಸಿಕ್ಕಿಸಿದೆ. ಅದು ಐಪಿ ವಿಳಾಸ ಹಂಚಲು ಶುರು ಮಾಡಿತು. ಅಲ್ಲಿ ಅದಾಗಲೇ ಒಂದು ಡಿಎಚ್‌ಸಿಪಿ ಸರ್ವರ್ ಇತ್ತು. ಮೊದಲು ಯಾರು ಉತ್ತರ ಕೊಡುತ್ತಾರೋ ಅವರ ಮಾತೇ ನಡೆಯುವುದು, ಅಲ್ವಾ? ಅರ್ಧ ಗಂಟೆಯಲ್ಲಿ ಒಂದು ಸಾಲಿನವರಿಗೆಲ್ಲ ಇಂಟರ್‌ನೆಟ್ ಹೋಯಿತು. ಕಾರಣ ಗೊತ್ತಾಗಲು ಇನ್ನೊಂದು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ನಾನೇ ಎಲ್ಲರ ಜೊತೆ ಸೇರಿ ಕೇಬಲ್ ನೋಡುತ್ತಿದ್ದೆ.

ಆದ್ದರಿಂದ ಇಲ್ಲಿ ಮೂರು ದಾರಿ.

ಡಿಎಚ್‌ಸಿಪಿ ಪೂರ್ತಿ ನಿಮ್ಮದೇ ಆಗಿದ್ದರೆ, ಅಂದರೆ ಪ್ರತ್ಯೇಕ ವಿಲ್ಯಾನ್ (ಅದೇ ಸ್ವಿಚ್‌ನೊಳಗೆ ಬೇರೆ ಮಾಡಿದ ನೆಟ್‌ವರ್ಕ್) ಅಥವಾ ಇದಕ್ಕೆಂದೇ ಬೇರೆ ಇಟ್ಟ ಸ್ವಿಚ್ ಇದ್ದರೆ, ಕೆಲಸ ಬಹಳ ಸಲೀಸು. ಡಿಎನ್‌ಎಸ್‌ಮಾಸ್ಕ್ ಒಂದರಲ್ಲೇ ಡಿಎಚ್‌ಸಿಪಿ, ಡಿಎನ್‌ಎಸ್ (ಹೆಸರಿನಿಂದ ವಿಳಾಸ ಹುಡುಕುವುದು), ಟಿಎಫ್‌ಟಿಪಿ (ಫೈಲ್ ಕಳಿಸುವ ಸರಳ ಪದ್ಧತಿ) ಮೂರೂ ಸಿಗುತ್ತವೆ. ಹದಿನೈದು ಸಾಲಿನ ಒಂದು ಫೈಲಿನಲ್ಲಿ ಎಲ್ಲ ಮುಗಿಯುತ್ತದೆ. ಹಳೆಯ ಬರಹಗಳಲ್ಲಿ ಐಎಸ್‌ಸಿ ಡಿಎಚ್‌ಸಿಪಿ ಹಾಕಿ ಅಂತ ಇರುತ್ತದೆ. ಅದರ ನಿರ್ವಹಣೆಯನ್ನು ಆ ಸಂಸ್ಥೆ 2022ರಲ್ಲೇ ನಿಲ್ಲಿಸಿದೆ. ಅವರದೇ ಹೊಸ ಸರ್ವರ್ ಕೀಯಾ. ಹಲವು ಸಬ್‌ನೆಟ್, ಡೇಟಾಬೇಸ್, ಎಪಿಐ ಎಲ್ಲ ಬೇಕಿದ್ದರೆ ಕೀಯಾ ಸರಿ. ಒಂದು ಕೊಠಡಿಯ ಕೆಲಸಕ್ಕೆ ಅದು ಜಾಸ್ತಿಯಾಯಿತು.

ಎರಡನೆಯದು, ಡಿಎಚ್‌ಸಿಪಿ ಬೇರೆಯವರ ಕೈಯಲ್ಲಿದೆ, ಆದರೆ ಅವರು ಕೇಳಿದ್ದನ್ನು ಹಾಕಿಕೊಡುತ್ತಾರೆ. ಆಗ ಡಿಎಚ್‌ಸಿಪಿ ಉತ್ತರದ ಜೊತೆ ಹೋಗುವ 66 ಮತ್ತು 67ನೇ ಆಪ್ಷನ್ ಸೇರಿಸಿ ಅನ್ನಬಹುದು. 66 ಅಂದರೆ ಸರ್ವರ್, 67 ಅಂದರೆ ಬೂಟ್ ಫೈಲಿನ ಹೆಸರು. ಕೇಳಲು ಚೆಂದ. ತೊಡಕು ಏನೆಂದರೆ 67ರಲ್ಲಿ ಒಂದೇ ಹೆಸರು ಬರೆದರೆ ಹಳೆಯ ಬಯಾಸ್ ಮೆಷಿನ್‌ಗೂ ಹೊಸ ಯುಇಎಫ್‌ಐ ಮೆಷಿನ್‌ಗೂ (ಇವು ಫರ್ಮ್‌ವೇರಿನ ಎರಡು ಬಗೆ) ಅದೇ ಫೈಲ್ ಹೋಗುತ್ತದೆ. ಎರಡಕ್ಕೂ ಬೇಕಾದ ಫೈಲ್ ಬೇರೆ ಬೇರೆ. ಮೆಷಿನ್ ಯಾವ ಜಾತಿಯದು ಅನ್ನುವುದನ್ನು ಅದು ತನ್ನ ಕೂಗಿನಲ್ಲೇ 93ನೇ ಆಪ್ಷನ್‌ನಲ್ಲಿ ಹೇಳಿರುತ್ತದೆ: 0 ಅಂದರೆ ಬಯಾಸ್, 7 ಅಥವಾ 9 ಬಂದರೆ 64 ಬಿಟ್ ಯುಇಎಫ್‌ಐ, 11 ಅಂದರೆ 64 ಬಿಟ್ ಆರ್ಮ್. ಇದನ್ನು ನೋಡಿ ಉತ್ತರ ಬದಲಿಸುವ ಸರ್ವರ್ ಇದ್ದರೆ ಮಾತ್ರ ಈ ದಾರಿ ಹಿಡಿಯಿರಿ. ಮನೆಯ ರೌಟರುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ.

ಮೂರನೆಯದು ನನಗೆ ಅತಿ ಇಷ್ಟದ್ದು, ಪ್ರಾಕ್ಸಿ ಡಿಎಚ್‌ಸಿಪಿ. ಇದು ಐಪಿ ವಿಳಾಸ ಹಂಚುವುದೇ ಇಲ್ಲ. ಆ ಕೆಲಸ ಇರುವ ಸರ್ವರೇ ಮಾಡಲಿ ಅಂತ ಬಿಟ್ಟು, ಬೂಟ್ ಫೈಲ್ ಎಲ್ಲಿದೆ ಅನ್ನುವುದನ್ನಷ್ಟೇ ಪಕ್ಕದಿಂದ ಹೇಳುತ್ತದೆ. ಡಿಎನ್‌ಎಸ್‌ಮಾಸ್ಕ್‌ನಲ್ಲಿ ವಿಳಾಸಗಳ ಸಾಲಿನ ಕೊನೆಗೆ ಪ್ರಾಕ್ಸಿ ಅನ್ನುವ ಒಂದು ಪದ ಸೇರಿಸಿದರೆ ಆಯಿತು. ಅವತ್ತು ನಾನು ಆ ಒಂದು ಪದ ಬರೆದಿದ್ದರೆ ಕೇಬಲ್ ನೋಡುವ ನಾಟಕ ತಪ್ಪುತ್ತಿತ್ತು. ಇದರ ಮಿತಿಯೂ ಗೊತ್ತಿರಲಿ. ಮೆಷಿನ್ ಮತ್ತು ಸರ್ವರ್ ಒಂದೇ ವಿಲ್ಯಾನ್‌ನಲ್ಲಿರಬೇಕು, ಇಲ್ಲವಾದರೆ ರೌಟರಿನ ಡಿಎಚ್‌ಸಿಪಿ ರಿಲೇ ಈ ಸರ್ವರಿಗೂ ಸಂದೇಶ ಕಳಿಸುವಂತೆ ಮಾಡಬೇಕು. ಕೆಲವು ಯುಇಎಫ್‌ಐ ಫರ್ಮ್‌ವೇರ್‌ಗಳು ಪ್ರಾಕ್ಸಿಯ ಉತ್ತರವನ್ನು ನೆಟ್ಟಗೆ ಓದುವುದಿಲ್ಲ. ಯಾರ ಕೈಕಾಲೂ ಹಿಡಿಯದೆ, ಯಾರ ನೆಟ್‌ವರ್ಕನ್ನೂ ಕೆಡಿಸದೆ ಶುರು ಮಾಡಬೇಕು ಅನ್ನುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಟಿಎಫ್‌ಟಿಪಿಯೋ ಎಚ್‌ಟಿಟಿಪಿಯೋ?

ಟಿಎಫ್‌ಟಿಪಿ ಹಳೆಯ ಕಾಲದ್ದು. ಅದರ ನಡಿಗೆ ಹೀಗೆ: 512 ಬೈಟ್ ಕೊಡು, ಸಿಕ್ಕಿತು ಅನ್ನುವ ಉತ್ತರಕ್ಕೆ ಕಾಯಿ, ಮತ್ತೆ 512 ಬೈಟ್ ಕೊಡು. ಮೆಷಿನ್‌ಗೂ ಸರ್ವರಿಗೂ ನಡುವೆ ಹೋಗಿ ಬರಲು 1 ಮಿಲಿಸೆಕೆಂಡ್ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. 100 ಎಂಬಿಯ ಇನಿಟ್‌ಆರ್‌ಡಿ ಬರಲು ಸುಮಾರು 195 ಸೆಕೆಂಡ್ ಬೇಕು. ಕೇಬಲ್ ಎಷ್ಟೇ ದಪ್ಪ ಇರಲಿ, ಕಾಯುವುದು ತಪ್ಪುವುದಿಲ್ಲ. ತುಂಡಿನ ಗಾತ್ರ ಹೆಚ್ಚಿಸುವ ಸೌಲಭ್ಯ ಆಮೇಲೆ ಬಂತು. ಸುಮಾರು 1,400 ಬೈಟಿನ ತುಂಡಾದರೆ ಹೊತ್ತು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದೇ ಫೈಲ್ 1 ಗಿಗಾಬಿಟ್ ನೆಟ್‌ವರ್ಕಿನಲ್ಲಿ ಎಚ್‌ಟಿಟಿಪಿಯಿಂದ ಒಂದೆರಡು ಸೆಕೆಂಡಿನಲ್ಲಿ ಬಂದು ಬೀಳುತ್ತದೆ.

ಇನ್ನೊಂದು ಕಿರಿಕಿರಿ ಇದೆ. ಟಿಎಫ್‌ಟಿಪಿಯಲ್ಲಿ ತುಂಡಿನ ಸಂಖ್ಯೆಗೆ ಇರುವುದು 16 ಬಿಟ್. 512 ಬೈಟಿನ ಲೆಕ್ಕದಲ್ಲಿ 32 ಎಂಬಿ ಆಗುವಷ್ಟರಲ್ಲಿ ಎಣಿಕೆ ಮುಗಿದುಹೋಗುತ್ತದೆ. ಮತ್ತೆ ಮೊದಲಿನಿಂದ ಎಣಿಸುವುದು ಎರಡೂ ಕಡೆ ಗೊತ್ತಿದ್ದರೆ ಸರಿ, ಇಲ್ಲದಿದ್ದರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಕಾರಣ ತಿಳಿಯದವರು ರಾತ್ರಿಯಿಡೀ ಕೂರುತ್ತಾರೆ.

ಹಾಗಂತ ಟಿಎಫ್‌ಟಿಪಿ ಬಿಟ್ಟುಬಿಡಲು ಆಗುತ್ತದಾ? ಪೂರ್ತಿ ಆಗುವುದಿಲ್ಲ. ಮೊಟ್ಟಮೊದಲ ಪುಟ್ಟ ಫೈಲಿಗೆ ಹೆಚ್ಚಿನ ಮೆಷಿನ್‌ಗಳಿಗೆ ಅದೇ ಗತಿ. ಯುಇಎಫ್‌ಐ 2.5ರಲ್ಲಿ, 2015ರಲ್ಲಿ, ನೇರ ಎಚ್‌ಟಿಟಿಪಿ ಬೂಟ್ ಬಂತು. ಆದರೆ ನಿಮ್ಮ ಎಲ್ಲ ಮೆಷಿನ್‌ಗಳ ಸೆಟ್ಟಿಂಗ್‌ನಲ್ಲಿ ಅದು ಕಾಣುತ್ತದೆಯೇ ಅಂತ ನೋಡಿಕೊಂಡೇ ನಂಬಬೇಕು. ನಾನು ಮಾಡುವುದು ಇಷ್ಟು: ಟಿಎಫ್‌ಟಿಪಿಯಿಂದ ಬೂಟ್‌ಲೋಡರ್ ಮಾತ್ರ, ಉಳಿದ ಸಾಮಾನೆಲ್ಲ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಮೂಲಕ ಎಚ್‌ಟಿಟಿಪಿಯಿಂದ.

ಬೂಟ್‌ಲೋಡರ್: ಮೂವರಲ್ಲಿ ಯಾರು?

ಪಿಎಕ್ಸ್‌ಇಲಿನಕ್ಸ್ ಸರಳ. ಮೆನು ಬರೆಯಲು ಹತ್ತು ನಿಮಿಷ ಸಾಕು. ಆದರೆ ಅದು ಇರುವ ಸಿಸ್‌ಲಿನಕ್ಸ್ ಕಟ್ಟಿನ ಕೊನೆಯ ಸ್ಥಿರ ಆವೃತ್ತಿ 6.03 ಬಂದದ್ದು 2014ರಲ್ಲಿ. ಹಳೆಯ ಬಯಾಸ್ ಮೆಷಿನ್‌ಗಳೇ ತುಂಬಿರುವ ಕೊಠಡಿಗೆ ಪರವಾಗಿಲ್ಲ. ಹೊಸದಾಗಿ ಕಟ್ಟುವವರು ಇದರ ಮೇಲೆ ಹೂಡಬೇಡಿ.

ಗ್ರಬ್‌ಗೆ ಇರುವ ದೊಡ್ಡ ಬಲ ಸೆಕ್ಯೂರ್ ಬೂಟ್, ಅಂದರೆ ಸಹಿ ಇರುವ ಫೈಲುಗಳನ್ನಷ್ಟೇ ಎಬ್ಬಿಸುವ ಕಾವಲು. ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ (ಗ್ರಬ್‌ಗಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಂ) ಮತ್ತು ಲಿನಕ್ಸ್ ವಿತರಣೆಯವರೇ ಸಹಿ ಹಾಕಿದ ಗ್ರಬ್ ಫೈಲುಗಳನ್ನು ತಂದಿಟ್ಟರೆ ಸೆಕ್ಯೂರ್ ಬೂಟ್ ಆನ್ ಇರುವಾಗಲೇ ಇನ್‌ಸ್ಟಾಲ್ ನಡೆಯುತ್ತದೆ. ಒಂದು ಎಚ್ಚರಿಕೆ: ಒಂದು ವಿತರಣೆಯ ಸಹಿ ಇರುವ ಗ್ರಬ್ ಇನ್ನೊಂದು ವಿತರಣೆಯ ಕರ್ನಲ್ಲನ್ನು ಒಪ್ಪುವುದಿಲ್ಲ. ಉಬುಂಟುವಿನ ಶಿಮ್ ಇಟ್ಟು ಫೆಡೊರಾ ಎಬ್ಬಿಸಲು ಹೋದರೆ ಸಹಿ ಸರಿಯಿಲ್ಲ ಅಂತ ಬಾಗಿಲು ಹಾಕುತ್ತದೆ. ಎರಡು ಮೂರು ಬಗೆಯ ಲಿನಕ್ಸ್ ಹಾಕುವವರಿಗೆ ಇದು ತಲೆನೋವು.

ಐಪಿಎಕ್ಸ್‌ಇ ಬಂದರೆ ಆಟವೇ ಬೇರೆ. ಎಚ್‌ಟಿಟಿಪಿ, ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್) ಎಲ್ಲ ಗೊತ್ತು. ಸ್ಕ್ರಿಪ್ಟ್ ಬರೆಯಬಹುದು. ಮೆಷಿನ್ನಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತು), ಸೀರಿಯಲ್ ನಂಬರ್, ಮಾದರಿ ಹೆಸರು ಇವನ್ನೆಲ್ಲ ಯುಆರ್‌ಎಲ್‌ಗೆ ಸೇರಿಸಿ ಸರ್ವರನ್ನು ಕೇಳಬಹುದು, ಸರ್ವರ್ ಆ ಮೆಷಿನ್‌ಗೆಂದೇ ಬೇರೆ ಉತ್ತರ ಕೊಡಬಹುದು. ಒಂದು ಸಲ ಇದರ ರುಚಿ ಹತ್ತಿದವರು ಹಿಂದೆ ಹೋಗುವುದಿಲ್ಲ. ಕೊರತೆ ಅಂದರೆ ನೀವೇ ಕಂಪೈಲ್ ಮಾಡಿಕೊಂಡ ಐಪಿಎಕ್ಸ್‌ಇಗೆ ಸಹಿ ಇರುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಬೇಕು, ಅಥವಾ ನಿಮ್ಮದೇ ಕೀ ಮಾಡಿ ಪ್ರತಿ ಮೆಷಿನ್‌ಗೂ ಸೇರಿಸಬೇಕು.

ಹೊಸಬರು ತಪ್ಪದೆ ಬೀಳುವ ಹೊಂಡ ಒಂದಿದೆ. ಐಪಿಎಕ್ಸ್‌ಇ ಎದ್ದ ಮೇಲೆ ತಾನೂ ಡಿಎಚ್‌ಸಿಪಿ ಕೇಳುತ್ತದೆ. ಸರ್ವರ್ ಮತ್ತೆ ಐಪಿಎಕ್ಸ್‌ಇ ಫೈಲನ್ನೇ ಕೊಡುತ್ತದೆ. ಅದು ಮತ್ತೆ ಏಳುತ್ತದೆ, ಮತ್ತೆ ಕೇಳುತ್ತದೆ. ಹೀಗೆ ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಕೇಳುತ್ತಿರುವುದು ಐಪಿಎಕ್ಸ್‌ಇಯೇ ಆಗಿದ್ದರೆ ಫೈಲಿನ ಬದಲು ಸ್ಕ್ರಿಪ್ಟಿನ ಎಚ್‌ಟಿಟಿಪಿ ವಿಳಾಸ ಕೊಡು ಅಂತ ಡಿಎಚ್‌ಸಿಪಿಗೆ ಹೇಳಿಕೊಡಬೇಕು. 175ನೇ ಆಪ್ಷನ್ ಇದೆಯೇ ಅಂತ ನೋಡಿದರೆ ಗುರುತು ಸಿಗುತ್ತದೆ.

ಇನ್‌ಸ್ಟಾಲ್ ಮಾಡಿಸುವುದೋ, ನಕಲು ಇಳಿಸುವುದೋ?

ಇದು ಬೂಟ್‌ಲೋಡರಿಗಿಂತ ದೊಡ್ಡ ತೀರ್ಮಾನ. ಹೆಚ್ಚಿನವರು ಇದನ್ನು ತೀರ್ಮಾನ ಅಂತಲೇ ಅಂದುಕೊಳ್ಳದೆ ಮುಂದೆ ಹೋಗಿಬಿಡುತ್ತಾರೆ.

ಇನ್‌ಸ್ಟಾಲ್ ಮಾಡಿಸುವುದು ಅಂದರೆ ಉತ್ತರದ ಫೈಲ್ ಕೊಟ್ಟು ಓಎಸ್‌ನ ಇನ್‌ಸ್ಟಾಲರೇ ಕೆಲಸ ಮಾಡುವುದು. ರೆಡ್ ಹ್ಯಾಟ್ ಬಳಗಕ್ಕೆ ಕಿಕ್‌ಸ್ಟಾರ್ಟ್, ಡೆಬಿಯನ್‌ಗೆ ಪ್ರಿಸೀಡ್, ಉಬುಂಟು ಸರ್ವರಿಗೆ 20.04ರಿಂದ ಆಟೋಇನ್‌ಸ್ಟಾಲ್, ವಿಂಡೋಸ್‌ಗೆ ಅನ್‌ಅಟೆಂಡ್ ಫೈಲ್. ಇವುಗಳಲ್ಲಿ ಕಿಕ್‌ಸ್ಟಾರ್ಟ್ ಓದಲು ಸುಲಭ, ತಪ್ಪಾದರೆ ಎಲ್ಲಿ ತಪ್ಪಾಯಿತು ಅಂತಲೂ ಹೇಳುತ್ತದೆ. ಪ್ರಿಸೀಡ್ ಕೆಲಸ ಮಾಡುತ್ತದೆ, ಆದರೆ ಡಿಸ್ಕ್ ಹಂಚುವ ಭಾಗ ಬರೆಯುವಾಗ ಯಾರಿಗಾದರೂ ಸಿಟ್ಟು ಬರುತ್ತದೆ. ಆಟೋಇನ್‌ಸ್ಟಾಲ್ ಫೈಲ್ ಯಾಮಲ್ ಅನ್ನುವ ಬರವಣಿಗೆಯ ಕ್ರಮದಲ್ಲಿರುತ್ತದೆ, ಖಾಲಿ ಜಾಗ ಒಂದು ಹೆಚ್ಚು ಕಡಿಮೆಯಾದರೆ ಅರ್ಥ ಕೆಡುತ್ತದೆ.

ಉಬುಂಟು ಸರ್ವರಿನದು ಇನ್ನೊಂದು ವಿಶೇಷ. ನೆಟ್‌ವರ್ಕಿನಿಂದ ಬೂಟ್ ಆದಾಗ ಅದು ಪೂರ್ತಿ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕಿನ ಪ್ರತಿ) ರ್‍ಯಾಮಿಗೇ ಇಳಿಸಿಕೊಳ್ಳುತ್ತದೆ. 24.04ರ ಐಎಸ್‌ಒ 2 ಜಿಬಿ ದಾಟುತ್ತದೆ. ಹಾಗಾಗಿ 4 ಜಿಬಿ ರ್‍ಯಾಮಿನ ಮೆಷಿನ್ ಜಾಗ ಸಾಲದೆ ನಿಂತುಬಿಡಬಹುದು. ಡೆಬಿಯನ್‌ನ ನೆಟ್‌ಬೂಟ್ ಕಟ್ಟು ಹಾಗಲ್ಲ. ಚಿಕ್ಕ ಇನಿಟ್‌ಆರ್‌ಡಿ ಬರುತ್ತದೆ, ಉಳಿದದ್ದನ್ನು ಬೇಕಾದ ಹಾಗೆ ತರಿಸಿಕೊಳ್ಳುತ್ತದೆ. ಕಡಿಮೆ ರ್‍ಯಾಮಿನ ಹಳೆಯ ಮೆಷಿನ್‌ಗಳಿದ್ದರೆ ಡೆಬಿಯನ್ ಕಡೆ ವಾಲಲು ನನಗೆ ಇದೊಂದೇ ಕಾರಣ ಸಾಕು.

ನಕಲು ಇಳಿಸುವುದು ಅಂದರೆ ಒಂದು ಮೆಷಿನ್ನನ್ನು ಚೆನ್ನಾಗಿ ಸಿದ್ಧ ಮಾಡಿ, ಅದರ ಡಿಸ್ಕಿನ ಪ್ರತಿಯನ್ನು ಉಳಿದವಕ್ಕೆ ಹಾಕುವುದು. ಫಾಗ್, ಕ್ಲೋನ್‌ಜಿಲ್ಲಾ ಮಾಡುವುದು ಇದನ್ನೇ. ಒಂದೇ ಮಾದರಿಯ ಮೂವತ್ತು ಮೆಷಿನ್, ಒಂದೇ ಬಗೆಯ ಸಾಫ್ಟ್‌ವೇರ್ ಇರುವ ಕಲಿಕೆಯ ಲ್ಯಾಬ್‌ಗೆ ಇದು ಹೇಳಿ ಮಾಡಿಸಿದಂತಿದೆ. ಲೆಕ್ಕ ನೋಡಿ. 5 ಜಿಬಿಯ ನಕಲನ್ನು 30 ಮೆಷಿನ್‌ಗೆ ಒಂದೊಂದಾಗಿ ಕಳಿಸಿದರೆ ಒಟ್ಟು 150 ಜಿಬಿ. 1 ಗಿಗಾಬಿಟ್ ಕೇಬಲ್‌ನಲ್ಲಿ ಸೆಕೆಂಡಿಗೆ 110 ಎಂಬಿ ಸಿಕ್ಕರೂ 23 ನಿಮಿಷ ಬೇಕು. ಮಲ್ಟಿಕಾಸ್ಟ್ ಮಾಡಿದರೆ ಆ 5 ಜಿಬಿ ಕೇಬಲ್ ಮೇಲೆ ಒಂದೇ ಸಲ ಹೋಗುತ್ತದೆ, ಎಲ್ಲರೂ ಒಟ್ಟಿಗೆ ಹಿಡಿದುಕೊಳ್ಳುತ್ತಾರೆ. ಆದರೆ ಅತಿ ನಿಧಾನದ ಮೆಷಿನ್‌ನ ವೇಗವೇ ಎಲ್ಲರ ವೇಗ. ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟಿಗಷ್ಟೇ ಮಲ್ಟಿಕಾಸ್ಟ್ ಕಳಿಸುವ ಸೌಲಭ್ಯ) ಸರಿಯಿಲ್ಲದಿದ್ದರೆ ಆ ಪ್ರವಾಹ ಬೇಡದ ಪೋರ್ಟುಗಳಿಗೂ ನುಗ್ಗಿ ಇಡೀ ನೆಟ್‌ವರ್ಕ್ ಮಂಕಾಗುತ್ತದೆ.

ನಕಲಿನ ಕಷ್ಟ ಆಮೇಲೆ ಗೊತ್ತಾಗುತ್ತದೆ. ಲಿನಕ್ಸ್ ಆದರೆ ಮೆಷಿನ್ ಐಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀ ಅನ್ನುವ ಗುರುತುಗಳೆಲ್ಲವೂ ಮೂವತ್ತರಲ್ಲೂ ಒಂದೇ ಆಗಿ ಕೂರುತ್ತವೆ. ನಕಲು ತೆಗೆಯುವ ಮುಂಚೆ ಅವನ್ನು ಅಳಿಸಬೇಕು. ವಿಂಡೋಸ್ ಆದರೆ ಅಂಥದೇ ಕೆಲಸಕ್ಕೆ ಸಿಸ್‌ಪ್ರೆಪ್ ಓಡಿಸಲೇಬೇಕು. ಮೂರು ತಿಂಗಳಾದ ಮೇಲೆ ಆ ನಕಲು ಹಳತಾಗಿರುತ್ತದೆ, ಇಳಿಸಿದ ಕೂಡಲೇ ಅಪ್‌ಡೇಟ್ ಮಳೆ. ಅದನ್ನು ಹೊಸದು ಮಾಡುವ ಕೆಲಸ ಯಾರದ್ದು ಅಂತ ಮೊದಲೇ ಗೊತ್ತಿರಬೇಕು. ಉತ್ತರದ ಫೈಲ್ ಆದರೆ ಅದೊಂದು ಪಠ್ಯದ ಫೈಲ್. ಗಿಟ್‌ನಲ್ಲಿ ಇಡಬಹುದು, ಯಾರು ಏನು ಬದಲಿಸಿದರು ನೋಡಬಹುದು. ಸರ್ವರ್‌ಗಳಿಗೆ ಓಎಸ್ ಹಾಕುವವರು ನಕಲಿನ ದಾರಿಗೆ ಹೋಗುವ ಮುಂಚೆ ಎರಡು ಸಲ ಯೋಚಿಸಿ.

ಪೂರ್ತಿ ಗಾಡಿಗಳು

ಫಾಗ್ ಬಗ್ಗೆ ಹೇಳಿಯಾಯಿತು. ಉಚಿತ, ವೆಬ್ ಪರದೆಯಿಂದಲೇ ನಡೆಸಬಹುದು, ವಿಂಡೋಸ್ ಲ್ಯಾಬ್ ನೋಡಿಕೊಳ್ಳುವವರಿಗೆ ಒಳ್ಳೆಯ ಸಂಗಾತಿ.

ಕಾಬ್ಲರ್ 2006ರ ಹೊತ್ತಿನದು. ಆಮೇಲೆ ಆನ್ಸಿಬಲ್ ಬರೆದ ಮೈಕಲ್ ಡಿಹಾನ್ ಅವರದೇ ಕೈಕೆಲಸ. ಐಎಸ್‌ಒ ಕೊಟ್ಟರೆ ಅದನ್ನು ಬಿಚ್ಚಿ, ಡಿಸ್ಟ್ರೋ, ಪ್ರೊಫೈಲ್, ಸಿಸ್ಟಂ ಅಂತ ಮೂರು ಹಂತದಲ್ಲಿ ಜೋಡಿಸಿಕೊಳ್ಳುತ್ತದೆ. ಕಿಕ್‌ಸ್ಟಾರ್ಟ್ ಬಳಸುವ ಕಡೆ ಇದು ಇವತ್ತಿಗೂ ಹಗುರವಾಗಿ ಕೂರುತ್ತದೆ. ಇಪ್ಪತ್ತರಿಂದ ನೂರು ಮೆಷಿನ್, ಹೆಚ್ಚಿನವು ರೆಡ್ ಹ್ಯಾಟ್ ಬಳಗ ಅನ್ನುವವರು ಇದನ್ನೊಮ್ಮೆ ನೋಡಿ.

ಫೋರ್‌ಮನ್ ದೊಡ್ಡ ಸಂಸಾರ. ರೆಡ್ ಹ್ಯಾಟ್‌ನ ಸ್ಯಾಟಲೈಟ್ 6 ಕೂಡ ಇದರ ಮೇಲೆಯೇ ನಿಂತಿದೆ. ಇನ್‌ಸ್ಟಾಲ್ ಮಾಡಿಸುವುದು, ಆಮೇಲೆ ಪಪೆಟ್ ಅಥವಾ ಆನ್ಸಿಬಲ್‌ನಿಂದ ಸಂರಚನೆ, ವರದಿ ಎಲ್ಲ ಒಂದೇ ಕಡೆ. ಹಲವು ಜಾಗಗಳಲ್ಲಿ ಮೆಷಿನ್ ಇದ್ದರೆ ಅಲ್ಲಲ್ಲಿ ಸ್ಮಾರ್ಟ್ ಪ್ರಾಕ್ಸಿ ಇಡಬಹುದು. ಇದನ್ನು ನೋಡಿಕೊಳ್ಳಲು ಒಬ್ಬರ ಅರ್ಧ ಕೆಲಸದ ಹೊತ್ತು ಬೇಕು ಅಂತ ಇಟ್ಟುಕೊಳ್ಳಿ. ಬರೇ ಓಎಸ್ ಹಾಕಲು ಇದನ್ನು ತರುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ.

ಮಾಸ್ ಉಬುಂಟು ಮಾಡುವ ಕ್ಯಾನೊನಿಕಲ್‌ನವರದು. ಮೆಷಿನ್‌ಗಳನ್ನು ಕ್ಲೌಡ್‌ನಂತೆ ನೋಡುವುದು ಇದರ ಬಗೆ. ಮೆಷಿನ್ ಸೇರಿಸಿ, ಅದರಲ್ಲಿ ಏನೇನಿದೆ ಅಂತ ಅದೇ ಪರೀಕ್ಷಿಸುತ್ತದೆ, ಬೇಕಾದಾಗ ಗುಂಡಿ ಒತ್ತಿದರೆ ಓಎಸ್ ಕೂರುತ್ತದೆ, ಬೇಡವಾದಾಗ ಬಿಟ್ಟುಕೊಡಬಹುದು. ಸಿದ್ಧ ಚಿತ್ರಿಕೆಯನ್ನೇ (ಇಮೇಜ್) ಡಿಸ್ಕಿಗೆ ಬರೆಯುವುದರಿಂದ ಬೇಗ ಮುಗಿಯುತ್ತದೆ. ಇದರ ಸೊಗಸು ಪೂರ್ತಿ ಸಿಗಬೇಕಾದರೆ ಮೆಷಿನ್‌ಗಳಲ್ಲಿ ಐಪಿಎಂಐ ಅಥವಾ ರೆಡ್‌ಫಿಶ್ ಇರಬೇಕು, ದೂರದಿಂದಲೇ ಆನ್ ಆಫ್ ಮಾಡುವಂತಿರಬೇಕು. ಸಾಮಾನ್ಯ ಡೆಸ್ಕ್‌ಟಾಪ್‌ಗಳಿಗೆ ಇದನ್ನು ಹಾಕಿದರೆ ಪವರ್ ಬಟನ್ ಒತ್ತಲು ನೀವೇ ಓಡಾಡಬೇಕಾಗುತ್ತದೆ. ಜೊತೆಗೆ ಡಿಎಚ್‌ಸಿಪಿಯೂ ತನ್ನ ಕೈಯಲ್ಲೇ ಇರಲಿ ಅಂತ ಅದಕ್ಕೆ ಆಸೆ. ಡಿಎಚ್‌ಸಿಪಿ ಬಿಟ್ಟುಕೊಡದ ನೆಟ್‌ವರ್ಕಿನಲ್ಲಿ ಮಾಸ್ ತರಬೇಡಿ, ಜಗಳ ಖಚಿತ.

ಡಬ್ಲ್ಯುಡಿಎಸ್ ವಿಂಡೋಸ್ ಸರ್ವರಿನ ಒಳಗೇ ಬರುತ್ತದೆ. ವರ್ಷಗಟ್ಟಲೆ ಇದೇ ರಾಜಮಾರ್ಗವಾಗಿತ್ತು. ಈಗ ವಿಂಡೋಸ್ 11ರ ಡಿಸ್ಕಿನಲ್ಲಿರುವ ಬೂಟ್ ವಿಮ್ ಫೈಲನ್ನು ನೇರ ಇಟ್ಟು ಇನ್‌ಸ್ಟಾಲ್ ಮಾಡಿಸುವುದನ್ನು ಮೈಕ್ರೋಸಾಫ್ಟ್ ತಡೆದಿದೆ. ನೀವೇ ಮಾಡಿಕೊಂಡ ವಿನ್‌ಪಿಇ (ಇನ್‌ಸ್ಟಾಲ್‌ಗೆ ಬಳಸುವ ಪುಟ್ಟ ವಿಂಡೋಸ್) ಚಿತ್ರಿಕೆಯನ್ನು ಅದರಿಂದ ಬೂಟ್ ಮಾಡಿಸಲು ಅಡ್ಡಿಯಿಲ್ಲ. ಇರುವವರು ಬಳಸಿ, ಹೊಸಬರು ಇದರ ಮೇಲೆ ಮನೆ ಕಟ್ಟಬೇಡಿ. ಲಿನಕ್ಸ್ ಸರ್ವರಿನಿಂದಲೂ ವಿಂಡೋಸ್ ಹಾಕಬಹುದು. ಐಪಿಎಕ್ಸ್‌ಇ ಜೊತೆ ವಿಮ್‌ಬೂಟ್ ಇಟ್ಟು ವಿನ್‌ಪಿಇ ಎಬ್ಬಿಸಿ, ಸಾಂಬಾ (ವಿಂಡೋಸ್‌ಗೆ ಫೋಲ್ಡರ್ ಹಂಚುವ ಸಾಫ್ಟ್‌ವೇರ್) ಹಂಚಿಕೆಯಿಂದ ಸೆಟಪ್ ಓಡಿಸಿದರೆ ಆಯಿತು. ಒಂದು ದಿನದ ಕೆಲಸ, ಆದರೆ ಕೈಗೆ ಬಂದ ಮೇಲೆ ಲಿನಕ್ಸೂ ವಿಂಡೋಸೂ ಒಂದೇ ಮೆನುವಿನಲ್ಲಿ ಸಿಗುತ್ತವೆ.

ನೆಟ್‌ಬೂಟ್ ಡಾಟ್ ಎಕ್ಸ್‌ವೈಝಡ್ ಇದ್ದುದರಲ್ಲಿ ಸುಲಭ. ಒಂದು ಫೈಲ್ ಇಟ್ಟರೆ ಹತ್ತಾರು ಓಎಸ್‌ಗಳ ಮೆನು ಬರುತ್ತದೆ, ಸಾಮಗ್ರಿ ಇಂಟರ್‌ನೆಟ್ಟಿನಿಂದ. ಕಲಿಯಲು, ರಿಪೇರಿಗೆ ಚೆನ್ನ. ಒಂದೇ ಸಲ ಇಪ್ಪತ್ತು ಮೆಷಿನ್ ಅದರಿಂದ ಎಬ್ಬಿಸಬೇಡಿ, ಇಂಟರ್‌ನೆಟ್ ಲೈನ್ ಬಿದ್ದುಹೋಗುತ್ತದೆ.

ನಾನಾದರೆ

ಐವತ್ತು ಮೆಷಿನ್‌ವರೆಗೆ, ಲಿನಕ್ಸ್ ಸರ್ವರುಗಳಾದರೆ, ಪ್ರಾಕ್ಸಿ ಮೋಡಿನ ಡಿಎನ್‌ಎಸ್‌ಮಾಸ್ಕ್, ಐಪಿಎಕ್ಸ್‌ಇ, ಎಂಜಿನ್‌ಎಕ್ಸ್, ಗಿಟ್‌ನಲ್ಲಿ ಇಟ್ಟ ಉತ್ತರದ ಫೈಲುಗಳು. ಇಷ್ಟಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕು. ಎಲ್ಲಾದರೂ ಕೆಟ್ಟರೆ ಯಾವ ಕೊಂಡಿ ಕಳಚಿತು ಅಂತ ಕಣ್ಣಿಗೆ ಕಾಣುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡುವ ಹಾಗಿಲ್ಲ ಅಂದರೆ ಐಪಿಎಕ್ಸ್‌ಇ ಜಾಗದಲ್ಲಿ ಶಿಮ್ ಮತ್ತು ಗ್ರಬ್. ಒಂದೇ ಮಾದರಿಯ ವಿಂಡೋಸ್ ಲ್ಯಾಬ್ ಆದರೆ ಫಾಗ್. ರ್‍ಯಾಕ್ ತುಂಬ ಸರ್ವರ್, ರೆಡ್‌ಫಿಶ್ ಇದೆ, ಹೆಚ್ಚಿನವು ಉಬುಂಟು ಅಂದರೆ ಮಾಸ್. ಫೋರ್‌ಮನ್ ತರುವುದು ಓಎಸ್ ಹಾಕಿದ ಮೇಲಿನ ಬದುಕನ್ನೂ ಅದೇ ನೋಡಿಕೊಳ್ಳಬೇಕು ಅನ್ನುವಾಗ ಮಾತ್ರ.

ಯಾವುದನ್ನೇ ಆರಿಸಿ, ಕೆಲವು ಕಡೆ ಎಲ್ಲರೂ ಎಡವುತ್ತಾರೆ.

ಸ್ವಿಚ್ ಪೋರ್ಟಿನ ಸ್ಪ್ಯಾನಿಂಗ್ ಟ್ರೀ, ಅಂದರೆ ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ತಡೆಯುವ ಏರ್ಪಾಡು, ಅವುಗಳಲ್ಲೊಂದು. ಕೇಬಲ್‌ಗೆ ಜೀವ ಬಂದ ಮೇಲೆ ಪೋರ್ಟ್ ತೆರೆದುಕೊಳ್ಳಲು 30 ಸೆಕೆಂಡ್ ಹಿಡಿಯಬಹುದು. ಫರ್ಮ್‌ವೇರ್ ಅಷ್ಟರೊಳಗೆ ತಾಳ್ಮೆ ಕಳೆದುಕೊಂಡು ಪಿಎಕ್ಸ್‌ಇ-ಇ51 ಅನ್ನುವ ದೂರು ತೋರಿಸುತ್ತದೆ, ಅಂದರೆ ಡಿಎಚ್‌ಸಿಪಿ ಉತ್ತರ ಬರಲಿಲ್ಲ. ಸರ್ವರ್ ಸರಿಯಾಗಿಯೇ ಇರುತ್ತದೆ. ಆ ಪೋರ್ಟಿಗೆ ಪೋರ್ಟ್‌ಫಾಸ್ಟ್ (ಕಾಯದೆ ತೆರೆದುಕೊಳ್ಳುವ ಸೆಟ್ಟಿಂಗ್) ಹಾಕಿದರೆ ಮುಗಿಯಿತು. ಪಿಎಕ್ಸ್‌ಇ-ಇ53 ಬಂದರೆ ವಿಳಾಸ ಸಿಕ್ಕಿದೆ, ಫೈಲಿನ ಹೆಸರು ಸಿಕ್ಕಿಲ್ಲ. ಪಿಎಕ್ಸ್‌ಇ-ಇ32 ಬಂದರೆ ಟಿಎಫ್‌ಟಿಪಿ ಸರ್ವರ್ ಬಾಯಿ ಬಿಡುತ್ತಿಲ್ಲ, ಫೈರ್‌ವಾಲ್ ನೋಡಿ. ಟಿಎಫ್‌ಟಿಪಿ ಕೇಳುವುದು 69ನೇ ಪೋರ್ಟಿನಲ್ಲಿ, ಆದರೆ ಉತ್ತರ ಕೊಡುವುದು ಬೇರೊಂದು ಪೋರ್ಟಿನಿಂದ. 69 ಒಂದನ್ನೇ ತೆರೆದು ಕೂತರೆ ಸಾಲದು.

ಉತ್ತರದ ಫೈಲಿನಲ್ಲಿ ಪಾಸ್‌ವರ್ಡನ್ನು ಹಾಗೇ ಬರೆಯಬೇಡಿ, ಹ್ಯಾಶ್ (ಮರಳಿ ಓದಲಾಗದ ರೂಪ) ಹಾಕಿ. ಆ ಫೈಲ್ ಎಚ್‌ಟಿಟಿಪಿಯಲ್ಲಿ ಕೇಳಿದವರಿಗೆಲ್ಲ ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೂಟ್ ಕ್ರಮದ್ದು. ಮೆಷಿನ್‌ನಲ್ಲಿ ನೆಟ್‌ವರ್ಕ್ ಬೂಟ್ ಮೊದಲಿಗೆ ಇದ್ದು, ನಿಮ್ಮ ಮೆನುವಿನ ಡೀಫಾಲ್ಟ್ ಪೂರ್ತಿ ಆಟೋಮ್ಯಾಟಿಕ್ ಇನ್‌ಸ್ಟಾಲ್ ಆಗಿದ್ದರೆ, ಇನ್‌ಸ್ಟಾಲ್ ಮುಗಿದು ರೀಬೂಟ್ ಆದ ಮೆಷಿನ್ ಮತ್ತೆ ಇನ್‌ಸ್ಟಾಲ್ ಶುರು ಮಾಡುತ್ತದೆ. ಅದಾದರೂ ಪರವಾಗಿಲ್ಲ. ಆರು ತಿಂಗಳಾದ ಮೇಲೆ ಯಾವುದೋ ಕಾರಣಕ್ಕೆ ಕರೆಂಟ್ ಹೋಗಿ ಬಂದು, ಕೆಲಸದಲ್ಲಿದ್ದ ಡೇಟಾ ಮೆಷಿನ್ ನೆಟ್‌ವರ್ಕಿನಿಂದ ಬೂಟ್ ಆಗಿ ತನ್ನ ಡಿಸ್ಕನ್ನು ತಾನೇ ಶುಚಿಯಾಗಿ ಅಳಿಸಿಕೊಂಡರೆ? ಅದಕ್ಕೇ ಮೆನುವಿನ ಡೀಫಾಲ್ಟ್ ಯಾವತ್ತೂ ಒಳಗಿನ ಡಿಸ್ಕಿನಿಂದ ಬೂಟ್ ಆಗು ಅನ್ನುವುದೇ ಆಗಿರಲಿ. ಇನ್‌ಸ್ಟಾಲ್ ಬೇಕಾದ ಮೆಷಿನ್‌ನ ಮ್ಯಾಕ್ ವಿಳಾಸವನ್ನು ಪಟ್ಟಿಗೆ ಸೇರಿಸಿ, ಮುಗಿದ ಕೂಡಲೇ ಉತ್ತರದ ಫೈಲಿನ ಕೊನೆಯ ಸಾಲೇ ಸರ್ವರಿಗೆ ಹೇಳಿ ಆ ಹೆಸರನ್ನು ತೆಗೆಸಲಿ. ಕಾಬ್ಲರ್‌ನಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಇದೆ. ಕೈಯಿಂದ ಕಟ್ಟಿದವರು ನಾವೇ ಬರೆದುಕೊಳ್ಳಬೇಕು, ಐದಾರು ಸಾಲಿನ ಸ್ಕ್ರಿಪ್ಟ್ ಅಷ್ಟೆ.

ಮೊದಲ ಪ್ರಯೋಗ ಮಾತ್ರ ನಿಜವಾದ ಮೆಷಿನ್ ಮೇಲೆ ಬೇಡ. ಕ್ಯುಎಂಯು ಅಥವಾ ವರ್ಚುವಲ್‌ಬಾಕ್ಸ್‌ನಲ್ಲಿ ಹೊರಗಿನ ಸಂಪರ್ಕ ಇಲ್ಲದ ನೆಟ್‌ವರ್ಕ್ ಮಾಡಿ, ಖಾಲಿ ಡಿಸ್ಕಿನ ವರ್ಚುವಲ್ ಮೆಷಿನ್ ಎಬ್ಬಿಸಿ. ಪಕ್ಕದಲ್ಲಿ ಟಿಸಿಪಿಡಂಪ್ ಹಾಕಿ 67, 68, 69 ಮತ್ತು 4011ನೇ ಪೋರ್ಟುಗಳ ಮೇಲೆ ಏನು ಓಡಾಡುತ್ತಿದೆ ನೋಡುತ್ತಾ ಕೂರಿ. ಒಮ್ಮೆ ಬಯಾಸ್ ಮೋಡ್‌ನಲ್ಲಿ, ಒಮ್ಮೆ ಯುಇಎಫ್‌ಐ ಮೋಡ್‌ನಲ್ಲಿ. ಎರಡೂ ದಾಟಿದ ಮೇಲೆ ಆಫೀಸಿನ ಕೇಬಲ್ ಮುಟ್ಟಿ.